ಹಂದರ ಮಡಚಿದ ದಿನ

ಕಲಬುರಗಿಯ ಮೇಲೆ ಹಂದರ ಹಾಕಿದ ನಂತರ ಹುಟ್ಟಿದ ಮಕ್ಕಳಿಗೆ ರಣಬಿಸಿಲು ಎಂದರೆ ಅಜ್ಜಂದಿರು ಹೇಳುವ ಕಥೆ, ಅಷ್ಟೇ. ಊರಿನ ನೆತ್ತಿಯ ಮೇಲೆ, ಹದ್ದು ಹಾರುವ ಎತ್ತರದಲ್ಲಿ, ಓಣಿಗೊಂದರಂತೆ ತೆಳ್ಳನೆಯ ಬೆಳ್ಳಿಬಣ್ಣದ ಪಟಗಳು ಬಲೂನುಗಳಿಗೆ ಜೋತುಬಿದ್ದು ತೇಲುತ್ತಿದ್ದವು. ಪ್ರತಿಯೊಂದು ಪಟದ ಮೂಲೆಗಳಿಂದ ಇಳಿದ ಹಗ್ಗಗಳನ್ನು ನೆಲದಲ್ಲಿ ಕಟ್ಟೆ ಕಟ್ಟಿ ಹುಗಿದ ಕಬ್ಬಿಣದ ಗೂಟಗಳಿಗೆ ಬಿಗಿದಿದ್ದರು. ಬೆಳಿಗ್ಗೆ ಹೊತ್ತೇರುತ್ತಿದ್ದಂತೆ ಪಟಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಸಂಜೆ ತಾವಾಗಿಯೇ ಮಡಚಿಕೊಂಡು ಗಾಳಿಗೆ ದಾರಿ ಬಿಡುತ್ತಿದ್ದವು. ಸರ್ಕಾರಿ ಕಾಗದದಲ್ಲಿ ಇದಕ್ಕೆ ಉಸಿರು ಕಟ್ಟುವಷ್ಟು ಉದ್ದದ ಹೆಸರಿತ್ತು. ಊರಿನವರು ಮದುವೆ ಮನೆಯ ಮುಂದಿನ ಚಪ್ಪರಕ್ಕೆ ಏನನ್ನುತ್ತಾರೋ ಅದನ್ನೇ ಇದಕ್ಕೂ ಅಂದರು, ಹಂದರ ಅಂತ.

ನೆರಳು ಬಂದದ್ದೇ ತಡ, ಜನ ಬಿಸಿಲನ್ನು ಮರೆತೇಬಿಟ್ಟರು. ದಪ್ಪ ಕಲ್ಲಿನ ಗೋಡೆಯ ಮನೆಗಳನ್ನು ಕೆಡವಿ ತಗಡಿನಷ್ಟು ತೆಳ್ಳಗಿನ ಗೋಡೆಯ ಮನೆ ಕಟ್ಟಿಕೊಂಡರು. ಗಂಡಸರ ತಲೆಯ ಮೇಲಿನ ಟವೆಲು ಹೆಗಲಿಗಿಳಿಯಿತು, ಹೆಗಲಿನಿಂದ ಗೋಡೆಯ ಗೂಟಕ್ಕೆ ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಶ್ಯಾವಿಗೆ, ಸಂಡಿಗೆ ಒಣಗಿಸಲು ಬಿಸಿಲೇ ಇಲ್ಲವಾಯಿತೆಂದು ಹೆಂಗಸರು ಹಂದರ ನೋಡಿಕೊಳ್ಳುವ ನೆರಳು ಮಂಡಳಿಯ ಮುಂದೆ ಲಟ್ಟಣಿಗೆ ಹಿಡಿದು ಕುಳಿತರು. ಮಂಡಳಿ ಹೆದರಿ ಓಣಿಗೊಂದು ಬಿಸಿಲಿನ ಪಾಳಿ ಗೊತ್ತುಮಾಡಿತು. ವಾರದಲ್ಲಿ ಒಂದು ಬೆಳಿಗ್ಗೆ ಆ ಓಣಿಯ ಪಟ ತಡವಾಗಿ ಬಿಚ್ಚಿಕೊಳ್ಳುತ್ತಿತ್ತು. ಮನುಷ್ಯನಿಗೆ ನೆರಳು ಕೊಟ್ಟರೂ ತಕರಾರು, ಬಿಸಿಲು ಕೊಟ್ಟರೂ ತಕರಾರು.

ಜಗದೇವಿ ಈ ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ಯಾವ ಪಟಕ್ಕೆ ಹೊಲಿಗೆ ಬೇಕು, ಯಾವುದಕ್ಕೆ ಹಗ್ಗ ಬದಲಿಸಬೇಕು, ಯಾವ ದುರಸ್ತಿ ಎಂದು ಸುರುವಾಯಿತು, ಯಾವುದು ಮುಗಿಯಿತು, ಎಲ್ಲವನ್ನೂ ಅವಳು ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆಯುತ್ತಿದ್ದಳು. ಅದನ್ನು ಓದಿ ನಡೆದುಕೊಳ್ಳುವುದು ಟ್ರ್ಯಾಕರ್ ಎಂಬ ದೊಡ್ಡ ತಂತ್ರಾಂಶದ ಕೆಲಸ. ದುರಸ್ತಿ ಸುರುವಾಗಿದೆ ಎಂದು ಶೀಟು ಹೇಳಿದರೆ ಟ್ರ್ಯಾಕರ್ ಆ ಪಟವನ್ನು ಮಡಚಿಸುತ್ತಿತ್ತು. ಮುಗಿದಿದೆ ಎಂದರೆ ಬಿಚ್ಚಿಸುತ್ತಿತ್ತು. ಇವೆರಡರ ನಡುವೆ ಮಾತು ದಾಟಿಸಲು ಶೀಟಿಗೆ ಜೋಡಿಸಿದ ಸಣ್ಣದೊಂದು ಆಡ್-ಇನ್ ಇತ್ತು. ಮಾಡಿಕೊಟ್ಟವರು ಅದಕ್ಕೆ ಏನೇನೋ ಹೆಸರು ಕೊಟ್ಟಿದ್ದರು, ಕಚೇರಿಯವರು ಮಾತ್ರ ಅದನ್ನು ಕೊಂಡಿ ಎಂದೇ ಕರೆಯುತ್ತಿದ್ದರು. ಬರೆದದ್ದನ್ನು ಅದು ತಾನಾಗಿಯೇ ದಾಟಿಸುತ್ತಿತ್ತು, ಅವಸರವಿದ್ದರೆ ಅದರ ಗುಂಡಿ ಒತ್ತಬಹುದಿತ್ತು.

ಆ ದಿನ ಜಗದೇವಿ ರಜೆ ಹಾಕಿದ್ದಳು. ತಮ್ಮ ರೇವಣಸಿದ್ಧನ ಮಗಳಿಗೆ ತೊಟ್ಟಿಲ ಕಾರ್ಯ. ಹೆಸರಿಡಬೇಕಾದವಳು ಸೋದರತ್ತೆ, ಅಂದರೆ ಇವಳೇ. ಕೂಸು ದಿನ ತುಂಬುವ ಮೊದಲೇ ಹುಟ್ಟಿ ಹಿಡಿಯಷ್ಟಿತ್ತು. ಸೆಕೆ ಮಾತ್ರ ತಾಗದಂತೆ ನೋಡಿಕೊಳ್ಳಿ, ಈ ಕೂಸು ಅದನ್ನು ತಾಳುವುದಿಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು.

ಬಾಣಂತಿಯ ತವರು ಕುಂಬಾರ ಓಣಿ. ಅಲ್ಲಿನ ಪಟ ಹಿಂದಿನ ವಾರ ಎದ್ದ ಸುಂಟರಗಾಳಿಗೆ ಹರಿದು ತಾನಾಗಿಯೇ ಮಡಚಿಕೊಂಡಿತ್ತು. ಹಾಗಾಗಿ ತಾಯಿ ಮಗುವನ್ನು ಪಕ್ಕದ ಓಣಿಯ ಚಿಕ್ಕಮ್ಮನ ಮನೆಯಲ್ಲಿ ಇಟ್ಟಿದ್ದರು. ನಿನ್ನೆ ಸಂಜೆ ಹೊಲಿಗೆ ಆಯಿತು. ಶೀಟಿನಲ್ಲಿ 'ಮುಗಿದಿದೆ' ಎಂದು ಜಗದೇವಿಯೇ ಬರೆದು, ಬೀಗರ ಮನೆಗೆ ಫೋನ್ ಮಾಡಿದ್ದಳು. "ನಾಳೆ ಹೊತ್ತೇರೂದ್ರಾಗ ನೆರಳು ಬಿಚ್ಚತದ್ರಿ ಅವ್ವಾರ. ನಸುಕಿನ್ಯಾಗೇ ಕೂಸಿಗಿ ಮನಿಗಿ ಕರಕೊಂಡು ಬರ್ರಿ. ನಾ ಅದೀನಲ್ಲ." ಈ 'ನಾ ಅದೀನಲ್ಲ' ಎನ್ನುವ ಮಾತೇ ಅವಳ ಕೊರಳಿಗೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಇಳಕಲ್ ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಫೋನ್ ಬಂತು. ತಮ್ಮನ ಅತ್ತೆ ಕಸ್ತೂರಿಬಾಯಿ.

"ಜಗದೇವಿ, ಸುತ್ತಮುತ್ತಿನ ಓಣಿಗೆಲ್ಲ ನೆರಳು ಬಂತು. ನಮ್ಮ ನೆತ್ತಿ ಮ್ಯಾಗ ಇನ್ನಾ ಬಯಲೇ ಅದ ನೋಡವಾ."

"ಇನ್ನೊಂದ್ ಸ್ವಲ್ಪ ನೋಡ್ರಿ ಅವ್ವಾರ. ಆಗಿಲ್ಲಂದ್ರ ಚಿಕ್ಕಮ್ಮನ ಮನಿಗಿ ವಾಪಸ್ ಹೋಗಿಬಿಡ್ರಿ."

"ತೊಟ್ಟಿಲ ಕಟ್ಟ್ಯಾದ, ಮುತ್ತೈದೇರು ಬಂದು ಕುಂತಾರ. ಈಗ ಎದ್ದು ಬ್ಯಾರೇರ ಮನಿಗಿ ಹೋಗ್ರಿ ಅಂದ್ರ ಹ್ಯಾಂಗ? ನೀನೇ ಬರ್ರಿ ಅಂದಿ, ನೀನೇ ಹೋಗ್ರಿ ಅಂತಿ."

ಜಗದೇವಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಕಚೇರಿಗೆ ನಡೆದಳು.

ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರ್ ಮಾಣಿಕರಾವ್ ಒಬ್ಬರೇ ಕುಳಿತು ಚುರುಮುರಿ ತಿನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಒಂದು ಮಾತಿಗೆ ಎರಡು ಗಾದೆ ಸೇರಿಸಿ ಹೇಳುವವರು. ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ಊರೆಲ್ಲ ಹಸಿರಾಗಿತ್ತು, ಕುಂಬಾರ ಓಣಿಯೊಂದು ಮಾತ್ರ ಕೆಂಪು. ರೇಷ್ಮೆ ಸೀರೆಯಲ್ಲಿ ಬಂದವಳನ್ನು ನೋಡಿ ಅವರು ಗಾಬರಿಯಿಂದ ಎದ್ದು ನಿಂತರು.

ಜಗದೇವಿ ಶೀಟು ತೆರೆದಳು. ಕುಂಬಾರ ಓಣಿಯ ಸಾಲಿನಲ್ಲಿ 'ಮುಗಿದಿದೆ' ಎಂದೇ ಇತ್ತು. ಟ್ರ್ಯಾಕರ್ ತೆರೆದಳು. ಅಲ್ಲಿ 'ದುರಸ್ತಿ ಬಾಕಿ' ಎಂದಿತ್ತು. ಅಂದರೆ ಇಲ್ಲಿಯ ಮಾತು ಅಲ್ಲಿಗೆ ಹೋಗಿಯೇ ಇಲ್ಲ. ಮತ್ತೊಮ್ಮೆ ಕಳಿಸೋಣವೆಂದು ಶೀಟಿನ ತಲೆಯ ಮೇಲಿನ ಗುಂಡಿಗಳ ಸಾಲು ನೋಡಿದರೆ ಕೊಂಡಿಯ ಗುಂಡಿಯೇ ಇಲ್ಲ. ಹಲ್ಲು ಬಿದ್ದ ಬಾಯಿಯಂತೆ ಆ ಜಾಗ ಖಾಲಿ.

"ಬಂದ್ ಮಾಡಿ ಚಾಲೂ ಮಾಡ್ರಿ," ಎಂದರು ಮಾಣಿಕರಾವ್.

"ಮಾಡಿದೆ ಸರ್."

"ಇನ್ನೊಮ್ಮೆ ಮಾಡ್ರಿ."

ಇನ್ನೊಮ್ಮೆ ಮಾಡಿದಳು. ಸಹಾಯವಾಣಿಗೆ ಫೋನ್ ಹಚ್ಚಿದಳು. ಅಲ್ಲಿದ್ದ ಯಂತ್ರದ ಹೆಣ್ಣು ದನಿ ಬಹಳ ಪ್ರೀತಿಯಿಂದ, ಹಳೆಯ ಕೊಂಡಿಯನ್ನು ಅಳಿಸಿ ಹೊಸದನ್ನು ಹಾಕಿಕೊಳ್ಳಿ ಎಂದಿತು. ಹೊಸದನ್ನು ಹಾಕಲು ಗುಪ್ತಪದ ಬೇಕು, ಅದು ಗೊತ್ತಿದ್ದವರಿಗೆ ಬೀದರಿಗೆ ವರ್ಗವಾಗಿತ್ತು. ಟ್ರ್ಯಾಕರಿಗೇ ನೇರವಾಗಿ ಬರೆದುಬಿಡಲು ಬರುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ತಮ್ಮ ಮನೆಯ ಸಂಡಿಗೆಗಾಗಿ ಓಣಿಯ ಪಟವನ್ನೇ ಮಡಚಿಸಿದ್ದರಂತೆ. ಅಂದಿನಿಂದ ಶೀಟಿನ ಮೂಲಕ ಬಂದ ಮಾತನ್ನಲ್ಲದೆ ಬೇರೆ ಯಾರ ಮಾತನ್ನೂ ಟ್ರ್ಯಾಕರ್ ಕೇಳುತ್ತಿರಲಿಲ್ಲ.

ಕಿಟಕಿಯ ಹೊರಗೆ ಬಿಸಿಲು ಬಲಿಯುತ್ತಿತ್ತು. ಮಂಡಳಿಯ ಅಂಗಳದಲ್ಲಿ ನೆರಳಿದ್ದರೂ ದೂರದ ಕುಂಬಾರ ಓಣಿಯ ಮೇಲಿನ ಆಕಾಶ ಬಿಳಿಚಿಕೊಂಡು ಹೊಳೆಯುವುದು ಕಾಣುತ್ತಿತ್ತು. ಜಗದೇವಿ ತಲೆ ಕೆಡಿಸಿಕೊಳ್ಳದೆ ಶೀಟಿನ ಆಯ್ಕೆಗಳನ್ನು ಒಂದೊಂದಾಗಿ ತೆರೆಯುತ್ತ ಹೋದಳು. ಜೋಡಿಸಿದ ಆಡ್-ಇನ್‌ಗಳ ಪಟ್ಟಿಯಲ್ಲಿ ಕೊಂಡಿ ಇರಲಿಲ್ಲ. ಅದರ ಕೆಳಗೆ, ಯಾರೂ ಇಣುಕದ ಮೂಲೆಯಲ್ಲಿ ಇನ್ನೊಂದು ಪಟ್ಟಿ ಇತ್ತು, ತಡೆಹಿಡಿದವುಗಳದ್ದು. ಕೊಂಡಿ ಅಲ್ಲಿ ಸೆರೆಯಲ್ಲಿತ್ತು.

"ಸರ್, ಸಿಕ್ತು," ಎಂದಳು. "ಯುಗಾದಿ ಮುಂದ ಒಂದಿನ ಕರೆಂಟ್ ಹೋಗಿ ಶೀಟು ಜಾಮ್ ಆಗಿತ್ತಲ್ಲ, ಅವತ್ತೇ ಶೀಟಿಗಿ ಕೊಂಡಿ ಮ್ಯಾಲ ಸಂಶಯ ಬಂದು ಕಟ್ಟಿ ಹಾಕ್ಯಾದ. ನಮಗ ಒಂದು ಮಾತೂ ಹೇಳಿಲ್ಲ."

"ಕಳ್ಳನ್ನ ಬಿಟ್ಟು ಸನ್ಯಾಸಿಗಿ ಹಿಡದಂಗ ಆತು," ಎಂದರು ಮಾಣಿಕರಾವ್.

ಇಷ್ಟು ದಿನ ಯಾರಿಗೂ ಇದು ಗೊತ್ತಾಗದ್ದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ಪಟ ಮಡಚುವಂತಿಲ್ಲವಾದ್ದರಿಂದ ದೊಡ್ಡ ದುರಸ್ತಿಗಳೆಲ್ಲ ಮಳೆ ಹಿಡಿದ ಮೇಲೆಯೇ. ನಡುವೆ ಪಟ ಹರಿದರೆ ಅದು ತಾನೇ ಟ್ರ್ಯಾಕರಿಗೆ ತಿಳಿಸಿ ಮಡಚಿಕೊಳ್ಳುತ್ತಿತ್ತು. ಹಾಗಾಗಿ ಈ ಬೇಸಿಗೆಯಲ್ಲಿ ಕೊಂಡಿಯ ಮೂಲಕ ಹೋಗಬೇಕಾದ ಮೊದಲ ಮಾತೇ ಕುಂಬಾರ ಓಣಿಯದು.

ಜಗದೇವಿ ಕೊಂಡಿಯನ್ನು ಸೆರೆಯಿಂದ ಬಿಡಿಸಿ ಶೀಟು ಮುಚ್ಚಿ ತೆರೆದಳು. ಗುಂಡಿ ತನ್ನ ಜಾಗಕ್ಕೆ ಬಂದು ಕುಳಿತಿತ್ತು. ಒತ್ತಿದಳು. ಪುಟ್ಟ ಚೌಕವೊಂದು ಎದ್ದು ಕೇಳಿತು: ಬಹಳಷ್ಟು ಸಾಲುಗಳು ಬದಲಾಗಿವೆ, ಒಮ್ಮೆ ನೋಡುವಿರಾ, ಅಥವಾ ಎಲ್ಲವನ್ನೂ ಕಳಿಸಲೇ? ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆ ಹೊತ್ತಿನಲ್ಲಿ ಅವಳ ಕಣ್ಣಿಗೆ ಕಂಡದ್ದು ಕೂಸು ಮಾತ್ರ. ಎಲ್ಲವನ್ನೂ ಕಳಿಸು ಎಂದು ಒತ್ತಿಬಿಟ್ಟಳು.

ನಕ್ಷೆಯಲ್ಲಿ ಕುಂಬಾರ ಓಣಿಯ ಕೆಂಪು ಹಸಿರಾಯಿತು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಕಸ್ತೂರಿಬಾಯಿಯ ದನಿ ಬಂತು. "ಬಿಚ್ಚಲಕತ್ತದ, ಬಿಚ್ಚಲಕತ್ತದ. ನೀ ಲಗೂನ ಬಾ ಈಗ." ಜಗದೇವಿಗೆ ಹೋದ ಜೀವ ಬಂದಂತಾಯಿತು. ಮಾಣಿಕರಾವ್ ಕೊಟ್ಟ ಚುರುಮುರಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಿದ್ದಳು.

"ಜಗದೇವಿ, ಇದೇನ್ರೀ ಇದು?"

ತಿರುಗಿ ನೋಡಿದಳು. ನಕ್ಷೆಯ ಮೂಲೆಯಲ್ಲಿದ್ದ ಓಣಿಯೊಂದು ಹಳದಿಯಾಗಿತ್ತು. ಅದರ ಪಕ್ಕದ್ದೂ ಹಳದಿಯಾಯಿತು. ಆಮೇಲೆ ಅರಿಸಿನ ನೀರು ಚೆಲ್ಲಿದ ಹಾಗೆ ಊರಿನುದ್ದಕ್ಕೂ ಹಳದಿ ಹರಡಿತು. ಹಳದಿ ಎಂದರೆ ಮಡಚಿಕೊಳ್ಳುತ್ತಿದೆ ಎಂದು ಅರ್ಥ. ಆಗಷ್ಟೇ ಹಸಿರಾಗಿದ್ದ ಕುಂಬಾರ ಓಣಿಯೂ ಅದರೊಳಗೆ ಸೇರಿಹೋಯಿತು.

ಓಡಿಬಂದು ಶೀಟು ನೋಡಿದಳು. ಕುಂಬಾರ ಓಣಿಯ ಹೊಲಿಗೆ ಮುಗಿದಿತ್ತು ಸರಿ, ಅದರ ಕೆಳಗೆ ಅದೇ ಪಟಕ್ಕೆ ಹಗ್ಗ ಬದಲಿಸುವ ಇನ್ನೊಂದು ಸಾಲು. ಹೀಗೆ ಊರಿನ ಎಲ್ಲ ಪಟಗಳಿಗೂ ಮಳೆಗಾಲದ ಕೆಲಸದ ಸಾಲುಗಳು. ಅಷ್ಟೂ ಸಾಲುಗಳಲ್ಲಿ 'ಸುರು' ಎಂಬ ಕಾಲಮ್ಮಿನಲ್ಲಿ ಒಂದೇ ತಾರೀಖು ತುಂಬಿತ್ತು. ಬಸವ ಜಯಂತಿಯ ದಿನ, ಅಕ್ಷಯ ತೃತೀಯಾ.

ಆ ದಿನದ ಪೇಢೆಯನ್ನು ಜಗದೇವಿಯೂ ತಿಂದಿದ್ದಳು.

ನಮ್ಮ ಕಡೆ ಯಾವ ಕೆಲಸಕ್ಕೂ ಮುಹೂರ್ತ ಸಾಧಿಸುವುದು ಎಂದೊಂದು ಉಂಟು. ಮನೆ ಕಟ್ಟುವುದು ಮುಂದಿನ ವರ್ಷವಾದರೂ ಒಳ್ಳೆಯ ದಿನ ಈಗ ಬಂದರೆ ಈಗಲೇ ಒಂದು ಕಲ್ಲಿಟ್ಟು ಕಾಯಿ ಒಡೆದುಬಿಡುತ್ತಾರೆ. ಕೆಲಸ ಸುರುವಾದ ಲೆಕ್ಕ. ಅಕ್ಷಯ ತೃತೀಯಾವಂತೂ ಪಂಚಾಂಗ ಬಿಚ್ಚದೆಯೇ ಒಳ್ಳೆಯದೆಂದು ಎಲ್ಲರೂ ಒಪ್ಪಿದ ದಿನ. ಮಳೆಗಾಲದ ದುರಸ್ತಿಗೆ ಅಂದೇ ಮುಹೂರ್ತ ಮಾಡೋಣ ಎಂದು ಮಾಣಿಕರಾವ್ ಅಂದರು. ಅಂಗಳದಲ್ಲಿ ಹೊಸ ಹಗ್ಗದ ಸುರುಳಿಗೆ ಪೂಜೆಯಾಯಿತು, ಕಾಯಿ ಒಡೆದರು. ಪಟಗಳಿಗೆ ಏರಿ ದುರಸ್ತಿ ಮಾಡುವ ಹಗ್ಗದಾಳುಗಳ ಮೇಸ್ತ್ರಿ ಲಾಲಸಾಬ್ ಅದೇ ಸುರುಳಿಯ ಮುಂದೆ ಸಕ್ಕರೆ ಇಟ್ಟು ಫಾತಿಹಾ ಓದಿದ. ಎಲ್ಲ ಸಾಲಿಗೂ ಇವತ್ತಿನ ತಾರೀಖು ಹಾಕಿಬಿಡಿ, ಶುಭಂ ಆಗಲಿ ಎಂದವರೂ ಮಾಣಿಕರಾವೇ. ಕೊಂಡಿ ಸೆರೆಯಲ್ಲಿದ್ದುದರಿಂದ ಅಂದು ಏನೂ ಆಗಲಿಲ್ಲ. ಇವತ್ತು ಜಗದೇವಿ ಅದನ್ನು ಬಿಡಿಸಿದಳು. ಅದು ಪಾಪ, ಇಷ್ಟು ದಿನ ಹೇಳಲಾಗದೆ ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಿತು. ಟ್ರ್ಯಾಕರಿನದೋ, ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ. ಊರಿನ ಎಲ್ಲ ಪಟಗಳ ದುರಸ್ತಿ ಸುರುವಾಗಿದೆಯೇ, ಹಾಗಾದರೆ ಎಲ್ಲವನ್ನೂ ಮಡಚು.

ಮಾಣಿಕರಾವ್‌ಗೆ ಗಾದೆ ಹೊಳೆಯಲಿಲ್ಲ. "ತಾರೀಖು ಅಳಿಸಿ ಕಳಸ್ರಿ," ಎಂದರು ಸಣ್ಣ ದನಿಯಲ್ಲಿ.

ಜಗದೇವಿ ಅಳಿಸಿ ಕಳಿಸಿದಳು. ಟ್ರ್ಯಾಕರ್ ಒಪ್ಪಲಿಲ್ಲ. 'ಮೇಲೆ ಆಳು ಇರಬಹುದು' ಎಂದು ಪ್ರತಿ ಸಾಲಿಗೂ ಅದೇ ಉತ್ತರ. ಅದರ ತಪ್ಪೂ ಇರಲಿಲ್ಲ. ಹಂದರದ ಮೊದಲ ವರ್ಷಗಳಲ್ಲಿ ಆಳು ಮೇಲಿರುವಾಗಲೇ ಯಾರೋ ಇಲ್ಲಿ ಕುಳಿತು ಪಟ ಬಿಚ್ಚಿಸಿದ್ದರು. ಬಿದ್ದವನು ಬದುಕಿದ, ಆದರೆ ಮತ್ತೆ ನಡೆಯಲಿಲ್ಲ. ಅಂದಿನಿಂದ ಬಂದ ನಿಯಮವೇ ಇದು. ಒಮ್ಮೆ ದುರಸ್ತಿ ಸುರುವಾದರೆ, ಆ ಪಟದ ಹಗ್ಗದಾಳು ತನ್ನ ಕೈಯ ಯಂತ್ರದ ಮೇಲೆ ಬೆರಳೊತ್ತಿ 'ಇಳಿದೆ' ಎನ್ನುವವರೆಗೆ ಯಾರಪ್ಪ ಬಂದು ಹೇಳಿದರೂ ಪಟ ಬಿಚ್ಚುವುದಿಲ್ಲ. ಜಗದೇವಿ ದಿನವೂ ಮೆಚ್ಚಿಕೊಳ್ಳುತ್ತಿದ್ದ ನಿಯಮ.

ಅಂಗಳದ ನೆರಳಿನ ಅಂಚು ಹಿಂದೆ ಸರಿಯತೊಡಗಿತ್ತು. ಫೋನುಗಳು ಒಂದರ ಹಿಂದೊಂದು ರಿಂಗಣಿಸಿದವು. ಮಾಣಿಕರಾವ್ ಎಲ್ಲರಿಗೂ "ಆಗ್ತದ್ರಿ, ನೆರಳಿನ ಕಡೆ ಹೋಗ್ರಿ" ಎನ್ನುತ್ತಿದ್ದರು, ನೆರಳು ಎಲ್ಲಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಜಗದೇವಿಯ ಫೋನಿಗೆ ತಮ್ಮನ ಕರೆ ಬಂತು.

"ಅಕ್ಕಾ, ಓಣ್ಯಾಗಿನ ಕೂಲರೆಲ್ಲ ಒಮ್ಮೆಗೇ ಹಚ್ಚಿ ಕರೆಂಟೂ ಹೋಯ್ತು. ತೊಟ್ಟಿಲಿಗಿ ಒದ್ದಿ ಸೀರಿ ಸುತ್ತೀವಿ, ಕ್ಷಣದಾಗ ಒಣಗ್ಲಕತ್ತದ. ಕೂಸು ಹಾಲು ಕುಡಿವಲ್ದು, ಮೈ ಬೆಚ್ಚಗ ಆಗ್ಯಾದ. ಚಿಕ್ಕಮ್ಮನ ಮನಿಗಿ ಒಯ್ದ್ರ ಅಲ್ಲೂ ನೆರಳಿಲ್ಲಂತ. ಎಲ್ಲಿ ಒಯ್ಯಲಿ ಹೇಳು."

"ನೀರು ಹೊಡಕೋತ ಇರ್ರಿ, ನಾ ಬರ್ತೀನಿ," ಎಂದಷ್ಟೇ ಹೇಳಿ ಜಗದೇವಿ ಫೋನ್ ಇಟ್ಟಳು. ಅವಳಿಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಕೂಸನ್ನು ಚಿಕ್ಕಮ್ಮನ ಮನೆಯಲ್ಲೇ ಇರಿಸಿ, ತಾನು ಆ ಗುಂಡಿ ಮುಟ್ಟದೆ ಇದ್ದಿದ್ದರೆ ಅದರ ನೆತ್ತಿಯ ಮೇಲೆ ನೆರಳಾದರೂ ಇರುತ್ತಿತ್ತು. ಈಗ ಊರಿನ ನೆರಳನ್ನೇ ತಾನು ಕಿತ್ತುಹಾಕಿದ್ದಳು.

ಅಷ್ಟರಲ್ಲಿ ಲಾಲಸಾಬ್ ಒಳಗೆ ಬಂದ. ಅವನ ಮನೆ ಕಚೇರಿಯ ಹಿಂದೆಯೇ. ಹೇಳಿಕಳಿಸುವ ಮೊದಲೇ ಆಕಾಶ ನೋಡಿ ಎದ್ದು ಬಂದಿದ್ದ. ಜಗದೇವಿ ಆದದ್ದನ್ನೆಲ್ಲ ಹೇಳಿದಳು.

"ಚಾಚಾ, ನಿಮ್ಮ ಆಳುಗಳು ಯಾರೂ ಮ್ಯಾಲಿಲ್ಲ. ಎಲ್ಲರೂ ಎಲ್ಲೆಲ್ಲಿ ಅದಾರೋ ಅಲ್ಲಿಂದಲೇ ಇಳಿದೆ ಅಂತ ಬೆರಳು ಒತ್ತಿಬಿಟ್ರ ಸಾಕು."

ಲಾಲಸಾಬ್ ಗಡ್ಡ ನೀವಿಕೊಂಡ. "ಏರೇ ಇಲ್ಲ, ಇಳಿದೆ ಅಂತ ಹ್ಯಾಂಗ ಹೇಳ್ಲಿ ತಂಗಿ?"

"ಒಂದು ಮಾತಿಗಿ, ಚಾಚಾ."

"ಮಾತಲ್ಲ ಅದು. ಕಾಯಿ ಒಡದು, ಫಾತಿಹಾ ಓದಿ ಸುರು ಮಾಡಿದ ಕೆಲಸ. ಒಂದು ಎಳಿ ಹಗ್ಗಾನೂ ಮುಟ್ಟದೆ ಮುಗೀತು ಅಂದ್ರ ನನ್ನ ಹುಡುಗರು ನಾಳೆ ಆ ಹಗ್ಗ ಹಿಡೀತಾರೇನು? ಅಂಜಿ ಏರಿದಾಂವ ಬೀಳ್ತಾನ. ನಾ ಬೀಳೋದು ನೋಡೀನಿ."

ಜಗದೇವಿಗೆ ಸಿಟ್ಟು ಬಂತು. ಕೂಸಿನ ಮೈ ಬಿಸಿಯೇರುತ್ತಿರುವಾಗ ಶಕುನದ ಮಾತು. ಬೈಯಲು ಬಾಯಿ ತೆರೆದವಳಿಗೆ ಮುದುಕನ ಮುಖ ಕಂಡಿತು. ಅವನು ಹಟ ಮಾಡುತ್ತಿರಲಿಲ್ಲ. ನಲವತ್ತು ಜನರನ್ನು ಆಕಾಶಕ್ಕೆ ಏರಿಸಿ ಇಳಿಸುವವನ ಚಿಂತೆ ಅದು. ಮೇಲೇರುವವನಿಗೆ ಹಗ್ಗದಷ್ಟೇ ಧೈರ್ಯವೂ ಬೇಕು. ಅದನ್ನು ತಾನು ಇಲ್ಲಿ ಕುರ್ಚಿಯಲ್ಲಿ ಕುಳಿತು ಮುರಿಯುವುದು ಯಾವ ನ್ಯಾಯ? ಹಾಗಾದರೆ ಆ ಮುಹೂರ್ತವನ್ನು ಮುರಿಯದೆ ಮುಗಿಸುವ ದಾರಿ ಯಾವುದು ಎಂದು ಅವಳು ಯೋಚಿಸಿದಳು.

"ಚಾಚಾ, ಸುರು ಮಾಡೋದು ಒಂದು ಕಾಯಿಗಿ ಆಗ್ತದಲ್ಲ, ಹಂಗಿದ್ರ ಮುಗಸೋದು ಒಂದು ಗಂಟಿಗಿ ಯಾಕ ಆಗಬಾರ್ದು? ಪಟದ ಹಗ್ಗ ನೆಲದ ಗೂಟಕ್ಕೂ ಅದ. ಮ್ಯಾಲ ಏರೋದು ಬ್ಯಾಡ. ಎಲ್ಲರೂ ತಮ್ಮ ತಮ್ಮ ಓಣಿ ಗೂಟದ ಕಟ್ಟಿ ಏರ್ಲಿ, ಹಗ್ಗಕ್ಕ ಹೊಸಾದೊಂದು ಗಂಟು ಹಾಕ್ಲಿ, ಕಟ್ಟಿ ಇಳೀಲಿ, ಇಳಿದೆ ಅನ್ಲಿ. ಕೆಲಸಾನೂ ಆತು, ಸುಳ್ಳೂ ಆಗಲಿಲ್ಲ. ಮಳಿಗಾಲದ ಕೆಲಸಕ್ಕ ಮತ್ತೊಮ್ಮೆ ಛಲೋ ದಿನ ನೋಡೂಣು."

ಲಾಲಸಾಬನ ಗಡ್ಡದೊಳಗೆ ನಗು ಮೂಡಿತು. "ಇದು ಆಗೋ ಮಾತು," ಎಂದು ಕೈಯ ಯಂತ್ರ ಬಾಯಿಯ ಬಳಿ ಹಿಡಿದು ಹುಡುಗರನ್ನು ಕೂಗತೊಡಗಿದ.

ಹಗ್ಗದಾಳುಗಳು ಎಲ್ಲೆಲ್ಲಿದ್ದರೋ ಅಲ್ಲಲ್ಲಿಂದ ಎದ್ದು ಓಡಿದರು. ಒಬ್ಬ ಚಹಾದ ಬಸಿಯನ್ನು ಅರ್ಧಕ್ಕೇ ಬಿಟ್ಟ, ಒಬ್ಬ ಮುಖಕ್ಕೆ ಹಚ್ಚಿದ ಸೋಪು ಹಾಗೇ ಇರುವಾಗಲೇ ಕ್ಷೌರದ ಅಂಗಡಿಯಿಂದ ಎದ್ದ. ನಕ್ಷೆಯಲ್ಲಿ ಗಂಜ್ ಮಾರುಕಟ್ಟೆಯ ಕಡೆಯ ಒಂದು ಓಣಿ ಹಸಿರಾಯಿತು, ಆಮೇಲೆ ಇನ್ನೊಂದು. ಮಾಣಿಕರಾವ್ ಪ್ರತಿ ಹಸಿರಿಗೂ ಮೇಜು ಕುಟ್ಟುತ್ತಿದ್ದರು. ಕುಂಬಾರ ಓಣಿ ಮಾತ್ರ ಹಾಗೇ ಇತ್ತು.

"ಅದು ಯಾರ ಪಾಳಿ?" ಎಂದು ಕೇಳಿದಳು ಜಗದೇವಿ.

"ನಂದೇ," ಎಂದ ಲಾಲಸಾಬ್. "ನಡಿ."

ಕಚೇರಿಯ ಜೀಪು ಬಯಲಿಗೆ ಬಿದ್ದ ಕೂಡಲೇ ಜಗದೇವಿಗೆ ಅಜ್ಜಿ ಹೇಳುತ್ತಿದ್ದ ಬಿಸಿಲು ಯಾವುದೆಂದು ತಿಳಿಯಿತು. ಅದು ಮೈಮೇಲೆ ಬೀಳುವ ಬಿಸಿಲಲ್ಲ, ಒಳಗೆ ಹೋಗಿ ಉಸಿರನ್ನೇ ಹಿಡಿಯುವ ಬಿಸಿಲು. ಲಾಲಸಾಬ್ ತನ್ನ ಟವೆಲನ್ನು ನೀರಿನಲ್ಲಿ ಅದ್ದಿ ಅವಳ ತಲೆಯ ಮೇಲೆ ಹಾಕಿದ. ರಸ್ತೆಯ ಪಕ್ಕದ ಮನೆಗಳಲ್ಲಿ ಜನ ಕಿಟಕಿಗಳಿಗೆ ಹಾಸಿಗೆ ಕಟ್ಟುತ್ತಿದ್ದರು. ಒಂದು ಕಡೆ ನಾಯಿಯೊಂದು ಕೊಳಾಯಿಯ ಕೆಳಗಿನ ಕೆಸರಿನಲ್ಲಿ ಮಲಗಿತ್ತು, ಅದರ ಪಕ್ಕದಲ್ಲೇ ಇಬ್ಬರು ಮುದುಕರು ಕಾಲು ಚಾಚಿ ಕುಳಿತಿದ್ದರು. ಇವರೆಲ್ಲರ ಬಿಸಿಲಿಗೆ ತಾನೇ ಕಾರಣ ಎಂದು ಜಗದೇವಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಕುಂಬಾರ ಓಣಿಯ ಗೂಟ ನೀರಿನ ಟ್ಯಾಂಕಿನ ಬುಡದಲ್ಲಿ, ಕಟ್ಟೆಯ ಮೇಲಿತ್ತು. ಕಬ್ಬಿಣ ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ಲಾಲಸಾಬ್ ಚಪ್ಪಲಿ ಬಿಟ್ಟು ಕಟ್ಟೆ ಏರಿದ. ಅಂಗಾಲು ಸುಟ್ಟರೂ ಮುಖ ಕಿವುಚಲಿಲ್ಲ. ಹಗ್ಗವನ್ನು ಕಣ್ಣಿಗೊತ್ತಿಕೊಂಡು ಒಂದು ಗಂಟು ಹಾಕಿದ, ಎಳೆದು ನೋಡಿದ, ಇಳಿದ. ಜಗದೇವಿ ಯಂತ್ರ ಮುಂದೆ ಹಿಡಿದಳು. ಹೆಬ್ಬೆಟ್ಟು ಕೊಡುತ್ತಾನೆ ಎಂದುಕೊಂಡರೆ ಅವನು ಕಿರುಬೆರಳು ಒತ್ತಿದ.

"ಹೆಬ್ಬಟ್ಟಿಂದು ಗೆರಿ ಹಗ್ಗ ತಿಂದದ," ಎಂದ. "ಇಳಿದೆ."

ಇಬ್ಬರೂ ತಲೆ ಎತ್ತಿ ನಿಂತರು. ಆಕಾಶದಲ್ಲಿ ಮುದುಡಿಕೊಂಡಿದ್ದ ಪಟ ಅಲ್ಲಾಡಿತು. ಒಂದು ಮಡಿಕೆ ಬಿಚ್ಚಿತು, ತಡೆಯಿತು. ಮತ್ತೊಂದು ಮಡಿಕೆ ಬಿಚ್ಚಿತು. ಆಮೇಲೆ ನಿಧಾನವಾಗಿ, ಸೀರೆಯನ್ನು ಒಣಗಲು ಹರವಿದ ಹಾಗೆ, ಉದ್ದಕ್ಕೂ ಹರಡಿಕೊಳ್ಳುತ್ತ ಹೋಯಿತು. ನೆರಳಿನ ಅಂಚು ಟ್ಯಾಂಕಿನ ಮೇಲಿನಿಂದ ಇಳಿದು ಕಟ್ಟೆ ದಾಟಿ ಓಣಿಯೊಳಗೆ ನಡೆಯಿತು. ಜಗದೇವಿಯೂ ಅದರ ಜೊತೆಗೇ ಓಡಿದಳು. ಒಂದೊಂದೇ ಮನೆಯ ಮುಂದೆ ನೆರಳು ಬಿದ್ದಂತೆ ಒಳಗಿನಿಂದ ಜನ ಹೊರಗೆ ಬಂದು ಮೇಲೆ ನೋಡುತ್ತಿದ್ದರು. ಅವಳ ಕಣ್ಣಿನಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

ಬೀಗರ ಮನೆಯ ಪಡಸಾಲೆಯ ನೆಲವೆಲ್ಲ ನೀರು. ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತು ತಮ್ಮ ಸೆರಗುಗಳನ್ನೇ ಬೀಸಣಿಗೆ ಮಾಡಿ ಬೀಸುತ್ತಿದ್ದರು. ಕೊನೆಗೆ ಯಾರೋ ತಿರುಗಿ ನೋಡಿದರು, ಕಿಟಕಿಯ ಬೆಳಕು ಮೆತ್ತಗಾಗಿತ್ತು. ಬೀಸುವ ಕೈಗಳು ಒಂದೊಂದಾಗಿ ನಿಂತವು. ಬಾಣಂತಿ ಭುವನಾ ಕೂಸನ್ನು ಎತ್ತಿಕೊಂಡು ಎದೆಗೆ ಹಚ್ಚಿದಳು. ಅದು ಮುಖ ತಿರುಗಿಸಿತು. ಮತ್ತೆ ಹಚ್ಚಿದಳು. ಜಗದೇವಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಒಳಗೆ ಬರುವ ಧೈರ್ಯ ಅವಳಿಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕೂಸಿನ ಗಂಟಲಿನಿಂದ ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿತು.

"ಕುಡೀಲಕತ್ತಾಳ," ಎಂದಳು ಭುವನಾ, ಮತ್ತು ಅತ್ತುಬಿಟ್ಟಳು. ಪರೀಕ್ಷಿಸಲು ಬಂದ ದವಾಖಾನೆಯ ನರ್ಸಮ್ಮ ಕೂಸಿನ ಅಂಗಾಲು, ಕಂಕುಳು ಮುಟ್ಟಿ ನೋಡಿ, ಮೈ ತಣ್ಣಗಾಗುತ್ತಿದೆ, ಅಂಜಬೇಡಿ ಎಂದಳು. ಕರೆಂಟೂ ಬಂತು. ಫ್ಯಾನು ತಿರುಗಿದಾಗ ಮನೆಯವರೆಲ್ಲ ಒಟ್ಟಿಗೇ ಉಸಿರು ಬಿಟ್ಟದ್ದು ಕೇಳಿಸಿತು.

ಮಾಣಿಕರಾವ್ ಫೋನ್ ಮಾಡಿದರು. ಊರೆಲ್ಲ ಹಸಿರು, ಆಸ್ಪತ್ರೆಗಳಿಂದ ಕೆಟ್ಟ ಸುದ್ದಿ ಒಂದೂ ಇಲ್ಲ ಎಂದರು. "ಮತ್ತ ಜಗದೇವಿ, ಮುಹೂರ್ತಕ್ಕ ಬ್ಯಾರೆ ಕಾಲಮ್ಮೇ ಮಾಡೀನಿ. ಕೊಂಡಿಗಿ ಅದು ಕಾಣಸಂಗಿಲ್ಲ. ದೇವರಿಗಷ್ಟೇ ಕಾಣತದ."

"ತಪ್ಪು ನಂದೂ ಅದ ಸರ್. ಒಮ್ಮೆ ನೋಡ್ತೀರೇನು ಅಂತ ಅದು ಕೇಳಿತ್ತು."

"ಪೇಢೆ ಹಂಚಿದಾಂವ ನಾನು. ನಾಳೆ ಇಬ್ಬರೂ ಕೂಡಿ ಮಂಡಳಿಗಿ ತಪ್ಪು ಬರದು ಕೊಡೂಣು. ಇವತ್ತ ಹೆಸರಿಟ್ಟು ಬರ್ರಿ."

ನಿಂತುಹೋಗಿದ್ದ ತೊಟ್ಟಿಲ ಕಾರ್ಯವನ್ನು ಈಗ ಮುಗಿಸೋಣ ಎಂದಳು ಕಸ್ತೂರಿಬಾಯಿ. ಜಗದೇವಿ ಮನೆಗೆ ಬಂದಾಗಿನಿಂದ ಅವಳು ಈಕೆಯೊಂದಿಗೆ ಒಂದು ಮಾತೂ ಆಡಿರಲಿಲ್ಲ, ಮುಖವನ್ನೂ ನೋಡಿರಲಿಲ್ಲ. ಹೊಟ್ಟೆ ತುಂಬಿದ ಕೂಸು ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿತ್ತು. ಜಗದೇವಿ ಬಾಗಿದಳು. ಒದ್ದೆ ಬಟ್ಟೆಯ ವಾಸನೆ, ಹಾಲಿನ ವಾಸನೆ. ಆ ಪುಟ್ಟ ಕಿವಿಯಲ್ಲಿ ಕುರ್ರ್ ಎಂದು ಊದಿ, "ನೀಲಾಂಬಿಕಾ" ಎಂದಳು. ಕೂಸು ಹುಬ್ಬು ಗಂಟಿಕ್ಕಿ ಒಮ್ಮೆ ಆಕಳಿಸಿತು.

ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿ. ನಗುತ್ತ, ಮೆತ್ತಗೆ, ಶಾಸ್ತ್ರಕ್ಕೆ. ಮುತ್ತೈದೆಯರು ಹಾಗೆಯೇ ಗುದ್ದಿದರು. ಕಸ್ತೂರಿಬಾಯಿಯ ಸರದಿ ಬಂದಾಗ ಅವಳು ಸೆರಗು ಬಿಗಿದುಕೊಂಡು, ಬೆಳಗಿನಿಂದ ತಡೆದಿಟ್ಟದ್ದನ್ನೆಲ್ಲ ಸೇರಿಸಿ, ಪಡಸಾಲೆಗೆಲ್ಲ ಕೇಳುವ ಹಾಗೆ ಒಂದು ಗುದ್ದು ಹಾಕಿದಳು. ಜಗದೇವಿ ತೊಟ್ಟಿಲ ಹಗ್ಗ ಹಿಡಿದು ಸಾವರಿಸಿಕೊಂಡಳು.

"ಇನ್ನೊಂದು ಹಾಕ್ರಿ ಅವ್ವಾರ," ಎಂದಳು ಜಗದೇವಿ, ಬಾಗಿದ ಬೆನ್ನನ್ನು ಎತ್ತದೆಯೇ.

ಕಸ್ತೂರಿಬಾಯಿ ಕೈ ಎತ್ತಿದಳು. ಎತ್ತಿದ ಕೈಯನ್ನು ಅವಳ ಬೆನ್ನ ಮೇಲೆ ಮೆಲ್ಲಗೆ ಇಟ್ಟು, ಹಾಗೇ ಬಿಟ್ಟಳು.